ಕಣಕುಂಬಿಯ ಕಾಡನ್ನು ಮನೋಳಿಯ ಗುಡ್ಡದಲ್ಲಿ ನೆಡಲಾಗದು

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದ ಸಹ್ಯಾದ್ರಿಯ ನೆತ್ತಿಯಲ್ಲಿ. ಅದೇ ನದಿ ಪೂರ್ವಕ್ಕೆ ಹರಿದು, ನವಿಲುತೀರ್ಥದ ಕಲ್ಲುಗುಡ್ಡಗಳ ನಡುವಣ ಇಕ್ಕಟ್ಟನ್ನು ದಾಟಿ, ಸವದತ್ತಿ ತಾಲ್ಲೂಕಿನ ಮನೋಳಿಯ ಮಗ್ಗುಲಲ್ಲಿ ಸಾಗುತ್ತದೆ. ಇಂದಿನ ದಾಖಲೆಗಳು ಮುನವಳ್ಳಿ ಎಂದು ಬರೆಯುವ ಈ ಊರಿಗೂ ಕಣಕುಂಬಿಗೂ ನೇರ ಅಳತೆಯಲ್ಲಿ ಇರುವ ಅಂತರ ಸುಮಾರು 100 ಕಿಲೋಮೀಟರ್. ನದಿ ಒಂದೇ, ಜಿಲ್ಲೆ ಒಂದೇ, ಆಡಳಿತವೂ ಒಂದೇ. ಆದರೆ ಕಣಕುಂಬಿಯಲ್ಲಿ ಬಿಸಿಲು ನೆಲ ಮುಟ್ಟದ ನಿತ್ಯಹಸಿರು ಕಾಡು. ಮನೋಳಿಯ ಸುತ್ತ ಮುಳ್ಳುಕಂಟಿ, ಹುಲ್ಲು, ನಡುವೆ ಅಲ್ಲೊಂದು ಇಲ್ಲೊಂದು ಗಿಡ್ಡ ಮರ.

ಈ ವ್ಯತ್ಯಾಸವನ್ನು ಯಾವ ಸರ್ಕಾರವೂ ಆಜ್ಞೆ ಹೊರಡಿಸಿ ಮಾಡಿದ್ದಲ್ಲ. ಮಳೆ, ಮಣ್ಣು, ಬಿಸಿಲು, ಗಾಳಿ, ಬೆಂಕಿ, ಮೇವು ಇವು ಸಾವಿರಾರು ವರ್ಷ ಕೂಡಿ ಮಾಡಿದ ತೀರ್ಮಾನ ಅದು. ಆ ತೀರ್ಮಾನವನ್ನು ಕಡತದ ಒಂದು ಸಾಲು ಅಳಿಸಿಹಾಕಬಲ್ಲದೆಂಬ ನಂಬಿಕೆಯ ಮೇಲೆ ಈ ದೇಶದ ಅರಣ್ಯೀಕರಣ ನಿಂತಿದೆ. ಘಟ್ಟದಲ್ಲಿ ಕಡಿದ ಕಾಡಿಗೆ ಬಯಲಿನಲ್ಲಿ ನೆಟ್ಟ ಸಸಿ ಸಮವೆಂದು ಲೆಕ್ಕ ಬರೆಯಲಾಗುತ್ತಿದೆ. ಈ ಲೆಕ್ಕ ಸುಳ್ಳು. ಇದರಿಂದ ಘಟ್ಟವೂ ಕೆಡುತ್ತದೆ, ಗುಡ್ಡವೂ ಕೆಡುತ್ತದೆ. ಮಲೆನಾಡಿನವರು ಮನೋಳಿಯ ಕಡೆಗೆ ಕಣ್ಣು ಹಾಯಿಸಬೇಕಾದ ಕಾರಣ ಇದೇ.

ಮಳೆಯ ಹಾಸಿಗೆ

ಅರಬ್ಬಿ ಸಮುದ್ರದಿಂದ ಬರುವ ಮೋಡ ಘಟ್ಟವನ್ನು ಏರುವಾಗ ತಣ್ಣಗಾಗಿ ತನ್ನ ಹೊರೆಯನ್ನು ಇಳಿಸುತ್ತದೆ. ಘಟ್ಟ ದಾಟಿದ ಗಾಳಿಯಲ್ಲಿ ಉಳಿಯುವ ತೇವ ಅಲ್ಪ. ಕಣಕುಂಬಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕ ಮಳೆ. ಖಾನಾಪುರ ಪಟ್ಟಣಕ್ಕೆ ಬರುವಷ್ಟರಲ್ಲಿ ಅದು 2,000ಕ್ಕಿಂತ ಕೆಳಗಿಳಿಯುತ್ತದೆ. ಕಿತ್ತೂರು, ಬೈಲಹೊಂಗಲ ದಾಟಿ ಸವದತ್ತಿಯ ಸೀಮೆಯನ್ನು ಮುಟ್ಟಿದಾಗ ಉಳಿಯುವುದು ಸುಮಾರು 600 ಮಿಲಿಮೀಟರ್.

ಮಳೆಯ ಒಟ್ಟು ಮೊತ್ತಕ್ಕಿಂತಲೂ ದೊಡ್ಡ ಸಂಗತಿ ಒಣ ತಿಂಗಳುಗಳ ಎಣಿಕೆ. ಪಶ್ಚಿಮ ಘಟ್ಟದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ಮಳೆಯ ಮೊತ್ತ ಅಷ್ಟಾಗಿ ಕುಗ್ಗದಿದ್ದರೂ ಮಳೆಯಿಲ್ಲದ ತಿಂಗಳುಗಳು ಹೆಚ್ಚುತ್ತವೆ. ಅದಕ್ಕೆ ತಕ್ಕಂತೆ ಮರಗಳ ಎತ್ತರ ತಗ್ಗಿ, ಜಾತಿಗಳ ಸಂಖ್ಯೆ ಇಳಿದು, ನೇರಳೆ, ಅಂಜನಿಯಂಥ ಗಟ್ಟಿ ಎಲೆಯ ಮರಗಳು ಮೇಲುಗೈ ಪಡೆಯುತ್ತವೆ. ಪುದುಚೇರಿಯ ಫ್ರೆಂಚ್ ಸಂಸ್ಥೆ 1980ರ ದಶಕದಲ್ಲಿ ಕರ್ನಾಟಕ ಮತ್ತು ಕೇರಳ ಅರಣ್ಯ ಇಲಾಖೆಗಳ ಜೊತೆಗೂಡಿ ಸಿದ್ಧಪಡಿಸಿದ ದಕ್ಷಿಣ ಭಾರತದ ಅರಣ್ಯ ನಕಾಶೆಗಳು ಈ ತತ್ವವನ್ನೇ ಬುನಾದಿಯಾಗಿ ಇಟ್ಟುಕೊಂಡಿವೆ. ಅವುಗಳಲ್ಲಿ ಬೆಳಗಾವಿ, ಧಾರವಾಡ, ಪಣಜಿಯ ಸೀಮೆಗೆ ಪ್ರತ್ಯೇಕ ಹಾಳೆಯೇ ಇದೆ. ನಕಾಶೆ ಇಲಾಖೆಯ ಬಳಿ ನಾಲ್ಕು ದಶಕದಿಂದ ಇದೆ. ಗುಂಡಿ ತೋಡುವಾಗ ಅದನ್ನು ಬಿಡಿಸಿ ನೋಡುವವರಾರು?

ಮರಕ್ಕೆ ಎಲೆಯೆಂಬುದು ಬಾಯಿಯೂ ಹೌದು, ಗಾಯವೂ ಹೌದು. ಎಲೆಯ ಸೂಕ್ಷ್ಮ ರಂಧ್ರಗಳು ತೆರೆದರೆ ಮಾತ್ರ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಒಳಸೇರಿ ಅನ್ನವಾಗುತ್ತದೆ. ತೆರೆದ ಅದೇ ರಂಧ್ರದಿಂದ ನೀರು ಆವಿಯಾಗಿ ಹೋಗುತ್ತದೆ. ಗಾಳಿ ಒಣಗಿ ಬಿಸಿಲೇರಿದಷ್ಟೂ ಈ ನಷ್ಟ ಹೆಚ್ಚು. ರಂಧ್ರ ಮುಚ್ಚಿದರೆ ಹಸಿವು, ತೆರೆದರೆ ದಾಹ. ಈ ಇಕ್ಕಟ್ಟಿಗೆ ಒಂದೊಂದು ನೆಲದ ಮರ ಒಂದೊಂದು ದಾರಿ ಕಂಡುಕೊಂಡಿದೆ. ಖಾನಾಪುರದ ಸುತ್ತಿನ ಮತ್ತಿ, ನಂದಿ, ಸಾಗವಾನಿಗಳು ಬೇಸಿಗೆಗೆ ಮುನ್ನ ಎಲೆ ಉದುರಿಸಿ ಖರ್ಚು ನಿಲ್ಲಿಸುತ್ತವೆ. ಸವದತ್ತಿಯ ಕಡೆಯ ಜಾಲಿ, ಬನ್ನಿಗಳು ಎಲೆಯನ್ನೇ ಸಣ್ಣ ಸಣ್ಣ ತುಣುಕುಗಳಾಗಿ ಹಂಚಿಕೊಂಡಿವೆ. ಅಂಥ ಎಲೆ ಬೇಗ ತಣಿಯುತ್ತದೆ. ಒಣನಾಡಿನ ಕಮರದ ಸಸಿ ಮೊದಲ ವರ್ಷಗಳಲ್ಲಿ ಮೇಲೆ ಬೆಳೆಯುವುದಕ್ಕಿಂತ ಬಂಡೆಯ ಬಿರುಕಿನಲ್ಲಿ ತಾಯಿಬೇರು ಇಳಿಸುವುದರಲ್ಲೇ ತನ್ನ ಶಕ್ತಿಯನ್ನೆಲ್ಲ ತೊಡಗಿಸುತ್ತದೆ. ನೋಡುವವರಿಗೆ ಅದು ಬೆಳೆಯದ ಗಿಡ. ವಾಸ್ತವದಲ್ಲಿ ಅದು ಸರಿಯಾದ ದಿಕ್ಕಿನಲ್ಲಿ ಬೆಳೆಯುತ್ತಿರುವ ಗಿಡ.

ಶಾಲೆಯ ಮಕ್ಕಳೂ ಮಾಡಬಹುದಾದ ಒಂದು ಲೆಕ್ಕವಿದೆ. ಒಂದು ಚದರ ಮೀಟರ್ ನೆಲದ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಒಂದು ಲೀಟರ್ ನೀರು. ನೆಡುತೋಪುಗಳ ವಾಡಿಕೆಯ ಅಂತರ ಗಿಡದಿಂದ ಗಿಡಕ್ಕೆ ಮೂರು ಮೀಟರ್; ಎಂದರೆ ಹೆಕ್ಟೇರಿಗೆ ಸುಮಾರು 1,100 ಗಿಡ, ಗಿಡವೊಂದಕ್ಕೆ 9 ಚದರ ಮೀಟರ್ ನೆಲ. ಮನೋಳಿಯ 600 ಮಿಲಿಮೀಟರ್ ಮಳೆಯಲ್ಲಿ ಆ ಗಿಡದ ಪಾಲಿಗೆ ವರ್ಷಕ್ಕೆ 5,400 ಲೀಟರ್, ದಿನಕ್ಕೆ 15 ಲೀಟರೂ ಇಲ್ಲ. ಅದರಲ್ಲೂ ಕಲ್ಲುಗುಡ್ಡದ ಇಳಿಜಾರಿನಲ್ಲಿ ಹರಿದುಹೋಗುವುದೆಷ್ಟು, ಬಿಸಿಲಿಗೆ ಆರುವುದೆಷ್ಟು, ಹುಲ್ಲು ಕುಡಿಯುವುದೆಷ್ಟು! ಅದೇ 9 ಚದರ ಮೀಟರಿಗೆ ಕಣಕುಂಬಿಯಲ್ಲಿ 27,000 ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ಬೆಳೆದ ಮರವೊಂದು ತೇವವಿರುವ ದಿನದಲ್ಲಿ ಹತ್ತಾರು ಲೀಟರ್ ನೀರನ್ನು ಎಲೆಗಳಿಂದ ಹೊರಬಿಡುತ್ತದೆ. ಆದ್ದರಿಂದಲೇ ಒಣಗುಡ್ಡದ ಮರಗಳು ದೂರ ದೂರ ನಿಲ್ಲುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದನ್ನು ಮರ ಬಲ್ಲದು. ಯೋಜನೆ ಬರೆಯುವವರು ಮಾತ್ರ ಅರಿಯರು.

ಮಣ್ಣಿನ ಆಳ

ಮಳೆ ಎಷ್ಟು ಬಿತ್ತೆಂಬುದರ ಜೊತೆಗೆ ಮಣ್ಣು ಎಷ್ಟನ್ನು ಹಿಡಿದಿಟ್ಟುಕೊಂಡಿತು ಎಂಬುದೂ ಮರದ ಬದುಕನ್ನು ನಿರ್ಧರಿಸುತ್ತದೆ. ಸವದತ್ತಿಯ ಗುಡ್ಡಸಾಲು ಗಡುಸಾದ ಬೆಣಚುಕಲ್ಲಿನದು. ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹದ ಈ ಪದರಕ್ಕೆ ಸವದತ್ತಿಯ ಹೆಸರನ್ನೇ ಇಟ್ಟಿದ್ದಾರೆ. ಈ ಕಲ್ಲು ಸುಲಭವಾಗಿ ಕರಗಿ ಮಣ್ಣಾಗುವುದಿಲ್ಲ. ಮಡ್ಡಿಯ ಮೇಲೆ ಹಲವೆಡೆ ಗೇಣು ಆಳ ಅಗೆಯುವಷ್ಟರಲ್ಲಿ ಕಲ್ಲು ಸಿಗುತ್ತದೆ. ಅಲ್ಲಿ ಮರಕ್ಕೆ ಮಣ್ಣಿಗಿಂತ ಕಲ್ಲಿನ ಬಿರುಕೇ ಆಸರೆ.

ಗುಡ್ಡದಿಂದ ಇಳಿದು ಹೊಳೆಯ ಕಡೆಗೆ ಬಂದರೆ ಎರೆಭೂಮಿ. ಅದು ಆಳವಾದ, ಸಾರವತ್ತಾದ ನೆಲ. ಜೋಳ, ಕಡಲೆ, ಹತ್ತಿಗಳಿಗೆ ತಾಯಿ. ಆದರೆ ಎಲ್ಲ ಮರಗಳಿಗೂ ಅಲ್ಲ. ಮಳೆಗಾಲದಲ್ಲಿ ಅದು ಉಬ್ಬಿ, ಅಂಟಾಗಿ, ಬೇರಿಗೆ ಗಾಳಿಯಾಡದಂತೆ ಮಾಡುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಟ್ಟು ಎಳೆಯ ಬೇರನ್ನು ಹರಿದುಹಾಕುತ್ತದೆ. ನೀರು ನಿಲ್ಲುವ ನೆಲವನ್ನು ಸಾಗವಾನಿ ಸಹಿಸುವುದಿಲ್ಲ, ಕರಿಜಾಲಿ ಸಹಿಸುತ್ತದೆ. ಎರೆಹೊಲದ ಬದುವಿನಲ್ಲಿ ಜಾಲಿ, ಬನ್ನಿಗಳೇ ಕಾಣುವುದು ರೈತನ ಸೋಮಾರಿತನದಿಂದಲ್ಲ, ಮಣ್ಣಿನ ಆಯ್ಕೆಯಿಂದ. ಮನೋಳಿಯ ಒಂದೇ ಊರಿನ ಸೀಮೆಯಲ್ಲಿ, ಗುಡ್ಡದಿಂದ ಹೊಳೆಗೆ ನಡೆದುಹೋಗುವ ದಾರಿಯಲ್ಲಿ, ಇಷ್ಟು ಭೇದವಿರುವಾಗ ಇಡೀ ಜಿಲ್ಲೆಗೆ ಒಂದೇ ಸಸಿಪಟ್ಟಿ ಹೇಗೆ ಹೊಂದೀತು?

ಮಣ್ಣಿನ ಆಳದ ಪ್ರಶ್ನೆ ಎಷ್ಟು ಗಹನವೆಂಬುದಕ್ಕೆ ಕರ್ನಾಟಕದಲ್ಲೇ ನಡೆದ ಒಂದು ಅಧ್ಯಯನ ಸಾಕ್ಷಿ. ನೀಲಗಿರಿ ಮರ ಎಷ್ಟು ನೀರು ಕುಡಿಯುತ್ತದೆಂಬ ವಾದ ತಾರಕಕ್ಕೇರಿದ್ದ ಕಾಲದಲ್ಲಿ, 1990ರ ಆಸುಪಾಸಿನಲ್ಲಿ, ಶಿವಮೊಗ್ಗದ ಸುತ್ತ ಮತ್ತು ಬೆಂಗಳೂರು ಬಳಿಯ ಹೊಸಕೋಟೆಯಲ್ಲಿ ವಿಜ್ಞಾನಿಗಳು ಅಳತೆ ನಡೆಸಿದರು. ಮೂರು ಮೀಟರಿನಷ್ಟು ಆಳದ ಮಣ್ಣಿದ್ದಲ್ಲಿ ನೀಲಗಿರಿ ಬಳಸಿದ ನೀರು ಅಲ್ಲಿನ ಸಹಜ ಎಲೆಯುದುರುವ ಕಾಡಿನ ಬಳಕೆಗಿಂತ ಹೆಚ್ಚಿರಲಿಲ್ಲ; ಎರಡೂ ಹೆಚ್ಚುಕಡಿಮೆ ಬಿದ್ದ ಮಳೆಯಷ್ಟನ್ನು ಬಳಸಿದವು. ಎಂಟು ಮೀಟರಿಗೂ ಮಿಕ್ಕಿ ಆಳವಿದ್ದ ಹೊಸಕೋಟೆಯ ಮಣ್ಣಿನಲ್ಲಾದರೋ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಆ ಮರಗಳು ಬಳಸಿದ ಲಕ್ಷಣ ಕಂಡಿತು. ಎಂದರೆ ಹಿಂದಿನ ವರ್ಷಗಳ ತೇವವನ್ನೂ ಬೇರು ಬಗೆದು ತೆಗೆದಿತ್ತು. ಮರ ಅದೇ, ಮಣ್ಣು ಬೇರೆ, ಫಲವೂ ಬೇರೆ. ‘ಈ ಗಿಡ ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳುವವರು ಅರ್ಧ ಪ್ರಶ್ನೆಯನ್ನಷ್ಟೇ ಕೇಳುತ್ತಾರೆ. ಎಲ್ಲಿ, ಎಷ್ಟು ಆಳದ ಮಣ್ಣಿನಲ್ಲಿ, ಎಷ್ಟು ಮಳೆಯಲ್ಲಿ ಎಂಬುದು ಉಳಿದರ್ಧ.

ಒಂದೇ ಸಸಿಯ ವ್ಯಾಮೋಹ

ಈ ಉಳಿದರ್ಧವನ್ನು ಕೇಳದೆ ನಡೆದ ಪ್ರಯೋಗಗಳ ಇತಿಹಾಸ ಈ ನಾಡಿಗೆ ಹೊಸತಲ್ಲ. ಮಲೆನಾಡಿನಲ್ಲಿ ಸಹಜ ಕಾಡನ್ನು ಬೋಳಾಗಿಸಿ ನೀಲಗಿರಿ ನೆಟ್ಟಾಗ, ಅಧಿಕ ಮಳೆಯ ತೇವದಲ್ಲಿ ಶಿಲೀಂಧ್ರದಿಂದ ಬರುವ ಗುಲಾಬಿ ರೋಗ ಆ ತೋಪುಗಳನ್ನು ತಿಂದುಹಾಕಿತು. ಕಾಡು ಹೋಯಿತು, ತೋಪೂ ಹೋಯಿತು. ಸಹಜ ಕಾಡು ಕಡಿದು ಸಾಗವಾನಿ, ನೀಲಗಿರಿಗಳನ್ನು ಬೆಳೆಸುವ ನೀತಿಯನ್ನು ಎದುರಿಸಿಯೇ 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಮರಗಳನ್ನು ಅಪ್ಪಿಕೊಂಡರು.

ಬಯಲಿನಲ್ಲಿ ಆದುದು ಇನ್ನೊಂದು ಬಗೆ. 1984ರಲ್ಲಿ ರಾಜ್ಯ ಸರ್ಕಾರವು ಖಾಸಗಿ ಕಾರ್ಖಾನೆಯೊಂದರ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಸ್ಥಾಪಿಸಿ, ಹಳ್ಳಿಗರ ಮೇವು, ಸೌದೆಗೆ ಆಧಾರವಾಗಿದ್ದ ಸುಮಾರು 75,000 ಎಕರೆ ಭೂಮಿಯನ್ನು ತಿರುಳುಮರದ ತೋಪುಗಳಿಗಾಗಿ ವಹಿಸಲು ಹೊರಟಿತು. ಶಿವರಾಮ ಕಾರಂತರೂ ಸೇರಿದಂತೆ ಹಲವರು 1986ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಮರಗಳ ಸಸಿಗಳನ್ನು ಹಚ್ಚಿದರು. 1991ರಲ್ಲಿ ಆ ಕಂಪನಿ ಮುಚ್ಚಿತು. ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಕುಸನೂರಿನ ಹಳ್ಳಿಗರಿಗೆ ಕಂಡ ಸತ್ಯ ವಿಧಾನಸೌಧವನ್ನು ತಲುಪಲು 30 ವರ್ಷ ಹಿಡಿಯಿತು.

ಆದರೆ ಸಸಿಯ ಹೆಸರು ಬದಲಾದರೆ ನೀತಿ ಬದಲಾದಂತಲ್ಲ. ನೀಲಗಿರಿ ಹೋದಲ್ಲಿ ಅಕೇಶಿಯ ಬಂತು. ಅಕೇಶಿಯ ಬಾರದಲ್ಲಿ ಗೊಬ್ಬರದ ಗಿಡವೆಂದು ಜನ ಕರೆಯುವ ಗ್ಲಿರಿಸಿಡಿಯ ಬಂತು. ಬೇಗ ಹಸಿರು ಕಾಣಬೇಕು, ದನ ತಿನ್ನಬಾರದು, ಸಸಿಮಡಿಯಲ್ಲಿ ಸುಲಭವಾಗಿ ಏಳಬೇಕು: ಈ ಮೂರು ಗುಣಗಳೇ ಆಯ್ಕೆಯ ಮಾನದಂಡವಾದವು. ನೆಲಕ್ಕೆ ಏನು ಬೇಕೆಂಬುದು ನಾಲ್ಕನೆಯ ಮಾನದಂಡವಾಗಿಯೂ ಸೇರಲಿಲ್ಲ.

ಪಂಚಾಂಗ ತಪ್ಪಿದ ವನಮಹೋತ್ಸವ

ಸಸಿಯ ಆಯ್ಕೆಯಂತೆಯೇ ನೆಡುವ ದಿನವೂ ದೂರದಲ್ಲಿ ಕುಳಿತವರ ತೀರ್ಮಾನ. ವನಮಹೋತ್ಸವ 1950ರಲ್ಲಿ, ಕೆ. ಎಂ. ಮುನ್ಷಿಯವರು ಕೇಂದ್ರದ ಮಂತ್ರಿಯಾಗಿದ್ದಾಗ, ಜುಲೈ ಮೊದಲ ವಾರದ ಹಬ್ಬವಾಗಿ ಆರಂಭವಾಯಿತು. ಈಗ ಜೂನ್ 5ರ ಪರಿಸರ ದಿನವೂ ಅದಕ್ಕೆ ಸೇರಿದೆ. ಕಣಕುಂಬಿಗೆ ಜುಲೈ ಸರಿಯಾದ ಕಾಲ. ಅಲ್ಲಿ ಮಳೆ ಬಿರುಸಾಗಿರುವ ತಿಂಗಳದು. ಮನೋಳಿಯ ಮಳೆಯ ನಡೆ ಬೇರೆ. ಅಲ್ಲಿ ರೋಹಿಣಿ, ಮೃಗಶಿರಗಳಲ್ಲಿ ಒಂದಿಷ್ಟು ಗುಡುಗುಮಳೆ ಬೀಳುತ್ತದೆ. ಅನಂತರ ಆಷಾಢದ ಗಾಳಿ ಬೀಸುತ್ತದೆ. ಮೋಡ ತಲೆಯ ಮೇಲೆ ಓಡುತ್ತದೆ, ಹನಿ ನೆಲಕ್ಕೆ ಇಳಿಯುವುದು ಕಡಿಮೆ. ನೆಲ ನಿಜವಾಗಿ ನೆನೆಯುವುದು ಉತ್ತರಿ, ಹಸ್ತಗಳ ಹೊತ್ತಿಗೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ.

ಪಾಲಿಥೀನ್ ಚೀಲದಲ್ಲಿ ದಿನವೂ ನೀರು ಕುಡಿದು ಬೆಳೆದ ಸಸಿಯನ್ನು ಜೂನಿನಲ್ಲಿ ಮಡ್ಡಿಯ ಗುಂಡಿಗೆ ಇಳಿಸಿ, ಛಾಯಾಚಿತ್ರ ತೆಗೆದು, ಭಾಷಣ ಮುಗಿಸಿ ಹೋದ ಮೇಲೆ, ಬೇರು ಇನ್ನೂ ಚೀಲದ ಆಕಾರದಲ್ಲೇ ಸುತ್ತಿಕೊಂಡಿರುವಾಗ ಆಷಾಢದ ಒಣಗಾಳಿ ಎದುರಾಗುತ್ತದೆ. ಅಲ್ಲಿ ಸತ್ತ ಸಸಿಗೆ ಕಾರಣ ಬರೆಯುವಾಗ ‘ಮಳೆ ಕೈಕೊಟ್ಟಿತು’, ‘ಕುರಿ ಮೇಯ್ದವು’ ಎನ್ನುತ್ತಾರೆ. ಮಳೆ ತನ್ನ ಕಾಲಕ್ಕೇ ಬಂದಿತ್ತು. ಸಸಿಯನ್ನು ಅಕಾಲದಲ್ಲಿ ಕಳುಹಿಸಿದವರು ಯಾರು? ಯಾವ ನಕ್ಷತ್ರದ ಮಳೆಗೆ ಯಾವ ಬಿತ್ತನೆಯೆಂಬುದನ್ನು ಅಕ್ಷರ ಬಾರದ ಒಕ್ಕಲಿಗನೂ ಬಲ್ಲ. ಜೋಳಕ್ಕೆ ಇರುವ ಪಂಚಾಂಗ ಮರಕ್ಕೆ ಇರಬಾರದೇ?

ಕುರುಚಲು ಬಂಜರಲ್ಲ

ಎಲ್ಲಕ್ಕಿಂತ ದೊಡ್ಡ ತಪ್ಪು ಹೆಸರಿನಲ್ಲೇ ಇದೆ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರ್ಗೀಕರಣದಲ್ಲಿ ಮರಗಳ ಮೇಲ್ಛಾವಣಿ ಶೇ. 10ಕ್ಕಿಂತ ಕಡಿಮೆ ಇರುವ ಅರಣ್ಯಭೂಮಿ ‘ಕುರುಚಲು’. ಅದು ಅರಣ್ಯ ಹೊದಿಕೆಯ ಲೆಕ್ಕಕ್ಕೆ ಸೇರುವುದಿಲ್ಲ. 1985ರಲ್ಲಿ ರಾಷ್ಟ್ರೀಯ ಬಂಜರುಭೂಮಿ ಅಭಿವೃದ್ಧಿ ಮಂಡಳಿ ಬಂತು. 2000ದಲ್ಲಿ ದೇಶದ ಬಂಜರುಭೂಮಿಯ ನಕಾಶೆಪುಸ್ತಕವೂ ಬಂತು. ಕುರುಚಲು ನೆಲ ಅದರಲ್ಲಿ ಬಂಜರಿನ ಪಟ್ಟಿಗೆ ಸೇರಿತು. ಒಮ್ಮೆ ಬಂಜರು ಎಂದು ಬರೆದ ಮೇಲೆ ಆ ನೆಲದ ಮೇಲೆ ಏನು ಮಾಡಿದರೂ ಅಭಿವೃದ್ಧಿಯೇ.

ಒಣಗುಡ್ಡದ ಕುರುಚಲಿನಲ್ಲಿ ಏನಿದೆ? ಕಾರೆ, ಕವಳಿ, ಬಾರೆ ಇವೆ. ಅವುಗಳ ಹಣ್ಣು ಮಕ್ಕಳಿಗೂ ಹಕ್ಕಿಗಳಿಗೂ ಆಹಾರ. ತಂಗಡಿ, ಬಂದರಿಕೆ ಇವೆ. ತುಗ್ಗಲಿ, ದಿಂಡಿಗ, ಮುತ್ತುಗಗಳಿವೆ; ಕಡಿದರೂ ಮೇಯ್ದರೂ ಬುಡದಿಂದ ಮತ್ತೆ ಚಿಗುರುವ ಹಟ ಇವುಗಳದು. ಮಳೆ ಬಿದ್ದ ವಾರದಲ್ಲೇ ಏಳುವ ಹುಲ್ಲಿದೆ. ಆ ಹುಲ್ಲಿನ ಮೇಲೆ ಕುರುಬರ ಕುರಿಹಿಂಡಿದೆ, ಕುರಿಯ ಉಣ್ಣೆಯಿಂದ ಕಂಬಳಿಯಿದೆ, ಹೊಲದಲ್ಲಿ ತಂಗುವ ಹಿಂಡಿನಿಂದ ಬೆಳೆಗೆ ಗೊಬ್ಬರವಿದೆ. ಇದು ಕಾಡಾಗಲು ಸೋತ ನೆಲವಲ್ಲ. 600 ಮಿಲಿಮೀಟರ್ ಮಳೆಯಲ್ಲಿ, ಗೇಣುದ್ದದ ಮಣ್ಣಿನಲ್ಲಿ ಕಾಡು ತಾಳಬಹುದಾದ ರೂಪವೇ ಇದು.

ಈ ರೂಪವನ್ನು ಅಳಿಸಿದರೆ ಏನಾಗುವುದೆಂಬುದನ್ನು ರಾಣೆಬೆನ್ನೂರು ತೋರಿಸಿದೆ. ಅಲ್ಲಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರಿನದು, 1974ರಲ್ಲಿ ಘೋಷಣೆಯಾಯಿತು. ಆದರೆ ಆ ಕುರುಚಲು ಹುಲ್ಲುಗಾವಲಿನ ಬಹುಪಾಲು ನೀಲಗಿರಿ ತೋಪಾಗಿ ಹೋಗಿತ್ತು. ಚಿಗರಿ ಬಯಲಿನ ಪ್ರಾಣಿ. ದೂರದವರೆಗೆ ಕಣ್ಣು ಹಾಯಬೇಕು, ಓಡಲು ತೆರಪು ಬೇಕು. ಎರೆಭೂತವೆಂದು ಜನ ಕರೆಯುತ್ತಿದ್ದ ಹೆಬ್ಬಕ ಹುಲ್ಲುನೆಲದ ಹಕ್ಕಿ; ಒಂದು ಕಾಲದಲ್ಲಿ ಅದು ಅಲ್ಲಿ ಕಾಣುತ್ತಿತ್ತು, ಈಗ ಇಲ್ಲ. ಮರ ನೆಟ್ಟೂ ಕಾಡನ್ನು ಕೊಲ್ಲಬಹುದು ಎಂಬ ಮಾತು ವಿಚಿತ್ರವಾಗಿ ಕೇಳಿಸೀತು. ರಾಣೆಬೆನ್ನೂರನ್ನು ಕಂಡವರಿಗೆ ಅದು ವಿಚಿತ್ರವಲ್ಲ.

ಹಾಗಾದರೆ ಮನೋಳಿಯ ಗುಡ್ಡಗಳು ಇರುವಂತೆಯೇ ಸುಸ್ಥಿತಿಯಲ್ಲಿವೆಯೇ? ಇಲ್ಲ. ಎಡೆಬಿಡದ ಮೇವು, ಸೌದೆಗಾಗಿ ಕಡಿತ, ಬೇಸಿಗೆಯ ಬೆಂಕಿ, ಕಲ್ಲು ಗಣಿಗಾರಿಕೆ, ಬಳ್ಳಾರಿ ಜಾಲಿಯ ಆಕ್ರಮಣ: ಬಯಲುಸೀಮೆಯ ಗುಡ್ಡಗಳು ಇವುಗಳಿಂದ ಬಳಲಿವೆ. ಆದರೆ ಬಳಲಿದ ಗುಡ್ಡಕ್ಕೆ ಬೇಕಾದುದು ವಿಶ್ರಾಂತಿ, ಶಸ್ತ್ರಕ್ರಿಯೆಯಲ್ಲ. ಕುರಿ ಮೇಯ್ದು ಕುಳ್ಳಾದ ದಿಂಡಿಗದ ಕಂಟಿ ಮೇಲ್ನೋಟಕ್ಕೆ ಮೊಣಕಾಲೆತ್ತರ. ನೆಲದ ಕೆಳಗಿನ ಅದರ ಬುಡಕ್ಕೆ ಹಲವು ದಶಕಗಳ ವಯಸ್ಸಿರಬಹುದು. ಕೆಲವು ವರ್ಷ ಮೇವನ್ನು ಬಿಡುವು ಕೊಟ್ಟು ಸರದಿಯಲ್ಲಿ ನಡೆಸಿದರೆ, ಸಿದ್ಧವಾಗಿರುವ ಆ ಬೇರು ಹೊಸ ಸಸಿಗಿಂತ ಎಷ್ಟೋ ಬೇಗ ಮರವನ್ನು ಎಬ್ಬಿಸುತ್ತದೆ. ಯಂತ್ರ ತಂದು ಇಳಿಜಾರಿನುದ್ದಕ್ಕೂ ಕಂದಕ ಬಗೆಯುವ ಅರಣ್ಯೀಕರಣ ಮೊದಲು ಕತ್ತರಿಸುವುದು ಈ ಬೇರುಗಳನ್ನೇ. ಜೀವಂತ ಕಾಡನ್ನು ಅಗೆದುಹಾಕಿ, ಅದೇ ಗುಂಡಿಯಲ್ಲಿ ಸಾಯುವ ಸಸಿ ಇಡುವುದಕ್ಕೆ ಬಿಲ್ಲು ಪಾಸಾಗುತ್ತದೆ; ಸುಮ್ಮನೆ ಕಾಯುವುದಕ್ಕೆ ಬಿಲ್ಲಿಲ್ಲ. ರೋಗದ ಮೂಲ ಇಲ್ಲಿದೆ.

ಪರಿಹಾರವೆಂಬ ವಿನಿಮಯ

ಈಗ ಮಲೆನಾಡಿನ ಕಡೆಗೆ ತಿರುಗಬೇಕು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಗಣಿ, ರಸ್ತೆ, ರೈಲು, ವಿದ್ಯುತ್ ತಂತಿ, ಅಣೆಕಟ್ಟುಗಳಿಗೆ ಕಾಡನ್ನು ಬಿಟ್ಟುಕೊಡುವಾಗ ಅದಕ್ಕೆ ಪ್ರತಿಯಾಗಿ ಬೇರೆಡೆ ಗಿಡ ಬೆಳೆಸುವ ಷರತ್ತು ಹಾಕುತ್ತಾರೆ. ಇದೇ ಪರಿಹಾರಾತ್ಮಕ ಅರಣ್ಯೀಕರಣ. ಅದರ ಹಣಕ್ಕಾಗಿ 2016ರಲ್ಲಿ ಪ್ರತ್ಯೇಕ ಕಾಯ್ದೆಯೂ ಆಯಿತು. ಬದಲಿ ಭೂಮಿ ಹತ್ತಿರದಲ್ಲಿ ಸಿಗದಿದ್ದರೆ ದೂರದಲ್ಲೂ ಆಗಬಹುದು, ಜಿಲ್ಲೆಯಲ್ಲಿ ಸಿಗದಿದ್ದರೆ ರಾಜ್ಯದ ಮತ್ತೊಂದು ಮೂಲೆಯಲ್ಲೂ ಆಗಬಹುದು. ಘಟ್ಟದ ಊರುಗಳಲ್ಲಿ ಖಾಲಿ ನೆಲ ಎಲ್ಲಿದೆ? ಆದ್ದರಿಂದ ಕಣ್ಣು ಬೀಳುವುದು ಬಯಲಿನ ಗಾಯರಾಣದ ಮೇಲೆ, ಮಡ್ಡಿಯ ಮೇಲೆ, ಕುರುಚಲಿನ ಮೇಲೆ.

ಹೆಕ್ಟೇರಿಗೆ ಹೆಕ್ಟೇರು ಕೊಟ್ಟರೆ ಲೆಕ್ಕ ಸರಿಯಾಯಿತೆಂದು ಕಡತ ಹೇಳುತ್ತದೆ. ಆದರೆ ನಿತ್ಯಹಸಿರು ಕಾಡಿನ ಒಂದು ಹೆಕ್ಟೇರಿಗೆ ಆ ಮಳೆ, ಆ ಮಂಜು, ಆ ಎಲೆಗೊಬ್ಬರ, ಬೇರಿನೊಡನೆ ಬದುಕುವ ಆ ಶಿಲೀಂಧ್ರ, ಬೀಜ ಒಯ್ಯುವ ಆ ಹಕ್ಕಿ ಎಲ್ಲವೂ ಸೇರಿವೆ. ಇವುಗಳಲ್ಲಿ ಯಾವುದನ್ನೂ ಲಾರಿಯಲ್ಲಿ ತುಂಬಿ ಸವದತ್ತಿಗೆ ಸಾಗಿಸಲಾಗದು. ಸಾಗಿಸಲು ಬರುವುದು ಸಸಿಯ ಸಂಖ್ಯೆ ಮಾತ್ರ.

ಕೇಂದ್ರದ ಹಸಿರು ಕ್ರೆಡಿಟ್ ಕಾರ್ಯಕ್ರಮವೂ ಇದೇ ದಾರಿ ಹಿಡಿದಿದೆ. 2023ರ ಅಕ್ಟೋಬರಿನಲ್ಲಿ ಅದರ ನಿಯಮಗಳು ಬಂದವು. 2024ರ ಫೆಬ್ರುವರಿಯ ವಿಧಾನದಲ್ಲಿ ತೆರೆದ ಕಾಡು, ಕುರುಚಲು, ಬಂಜರುಗಳನ್ನು ನೆಡುವ ನೆಲವೆಂದು ಗುರುತಿಸಿ, ಹೆಕ್ಟೇರಿಗೆ ಕನಿಷ್ಠ 1,100 ಮರಗಳ ಸಾಂದ್ರತೆಯನ್ನು ಬಯಸಲಾಯಿತು. ಟೀಕೆಗಳ ನಂತರ 2025ರಲ್ಲಿ ವಿಧಾನ ಬದಲಾಯಿತು. ಐದು ವರ್ಷದ ಬಳಿಕ ಶೇ. 40ರ ಮೇಲ್ಛಾವಣಿ ಕಂಡರೆ ಮಾತ್ರ ಕ್ರೆಡಿಟ್ ಎಂದಾಯಿತು. ಸಸಿಯನ್ನಲ್ಲ, ಉಳಿದ ಮರವನ್ನು ಎಣಿಸುವುದು ಮೊದಲಿಗಿಂತ ಮೇಲೆ. ಆದರೆ ಮನೋಳಿಯಂಥ ಗುಡ್ಡಕ್ಕೆ ಶೇ. 40ರ ಮೇಲ್ಛಾವಣಿಯನ್ನು ಐದು ವರ್ಷದಲ್ಲಿ ಹೊದಿಸಬೇಕೆಂಬ ಅಪೇಕ್ಷೆ, ಕುರಿಗೆ ಆನೆಯ ತೂಕ ಬರಲೆಂದು ಕಾಯುವುದಕ್ಕೆ ಸಮ. ನೀರು ಹೊತ್ತು ತಂದು, ಬೇಗ ಬೆಳೆಯುವ ಪರದೇಶಿ ಗಿಡವೊಂದನ್ನು ಒತ್ತಾಗಿ ತುಂಬಿದರೆ ಅಂಥ ನೆರಳು ಮೂಡೀತು. ಕುರುಚಲೂ ಹುಲ್ಲೂ ಅದರಡಿಯಲ್ಲಿ ಅಳಿದಾವು.

ಇದರಲ್ಲಿ ಸೋಲುವವರು ಯಾರು? ಘಟ್ಟದಲ್ಲಿ ಕಾಡು ಕಳೆದುಕೊಂಡವರು. ಬಯಲಿನಲ್ಲಿ ಮೇವಿನ ನೆಲ ಕಳೆದುಕೊಂಡವರು. ಇಬ್ಬರನ್ನೂ ಜೋಡಿಸುವುದು ಮಲಪ್ರಭೆ. ಅದರ ನವಿಲುತೀರ್ಥದ ಜಲಾಶಯ 1970ರ ದಶಕದ ಆರಂಭದಲ್ಲಿ ಸಿದ್ಧವಾಯಿತು. 37 ಟಿಎಂಸಿ ಅಡಿಗಿಂತ ಹೆಚ್ಚು ನೀರು ಹಿಡಿಯಬಲ್ಲದು. ಅದು ತುಂಬಬೇಕಾದರೆ ಮಳೆ ಬೀಳಬೇಕಾದುದು ಸವದತ್ತಿಯಲ್ಲಲ್ಲ, ಖಾನಾಪುರದ ಕಾಡುಗಳ ಮೇಲೆ. ಕಾಡು ನೀರನ್ನು ಸೃಷ್ಟಿಸುತ್ತದೆಂದು ಹೇಳಿದರೆ ಅತಿಶಯೋಕ್ತಿ. ಮರವೂ ನೀರು ಬಳಸುತ್ತದೆ. ಆದರೆ ಬಿರುಮಳೆಯ ಹೊಡೆತವನ್ನು ಎಲೆಯ ಮೇಲೆ ತಡೆದು, ನೆಲಕ್ಕೆ ಇಂಗಿಸಿ, ಮಣ್ಣು ಕೊಚ್ಚಿಹೋಗದಂತೆ ಹಿಡಿಯುವ ಕೆಲಸವನ್ನು ಕಾಡಿನಷ್ಟು ಅಗ್ಗವಾಗಿ ಯಾವ ಕಾಂಕ್ರೀಟೂ ಮಾಡದು. ಕಾಡು ಕಳಚಿದ ಇಳಿಜಾರಿನ ಮಣ್ಣು ಕೊನೆಗೆ ಸೇರುವುದು ಜಲಾಶಯದ ತಳವನ್ನು. 2019ರ ಆಗಸ್ಟಿನಲ್ಲಿ ಘಟ್ಟದ ಮಳೆಗೆ ಮಲಪ್ರಭೆ ಉಕ್ಕಿ ದಂಡೆಯ ಊರುಗಳನ್ನು ಮುಳುಗಿಸಿತು. ಅಂಥ ಮಳೆಯನ್ನು ಕಾಡೊಂದೇ ತಡೆಯಲಾರದು ನಿಜ, ಆದರೆ ಕಾಡಿಲ್ಲದ ಘಟ್ಟದ ಮೇಲೆ ಅಂಥ ಮಳೆ ಸುರಿದರೆ ಏನಾದೀತೆಂದು ದಂಡೆಯವರು ಯೋಚಿಸಬೇಕು.

ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನ ತೀರ್ಪಿನಲ್ಲಿ ಕಳಸಾ, ಬಂಡೂರಿ ಹಳ್ಳಗಳಿಂದ 3.9 ಟಿಎಂಸಿ ಅಡಿ ನೀರನ್ನು ಮಲಪ್ರಭೆಗೆ ತಿರುಗಿಸಲು ಅವಕಾಶ ಕೊಟ್ಟಿತು. ಒಣಗಿದ ಬಯಲಿನವರ ನೀರಿನ ಬೇಡಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಎಷ್ಟು ಟಿಎಂಸಿ ಎಂದು ದಶಕಗಳ ಕಾಲ ವಾದಿಸಿದ ನಾಡು, ಆ ನೀರು ಇಂಗಿ ಹೊಮ್ಮುವ ಕಾಡು ಎಷ್ಟು ಉಳಿದಿದೆಯೆಂದು ಅದೇ ಗಟ್ಟಿದನಿಯಲ್ಲಿ ಕೇಳಿಲ್ಲ. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಧಾಮ ಮತ್ತು ಅದರ ಸುತ್ತಿನ ಖಾನಾಪುರದ ಕಾಡು ಖಾನಾಪುರದವರ ಆಸ್ತಿ ಮಾತ್ರವಲ್ಲ; ಸವದತ್ತಿ, ರಾಮದುರ್ಗ, ನರಗುಂದ, ನವಲಗುಂದಗಳ ಆಸ್ತಿಯೂ ಹೌದು.

ಆಗಬೇಕಾದುದೇನು

ಮೊದಲನೆಯದಾಗಿ, ನಿತ್ಯಹಸಿರು ಕಾಡಿಗೆ ಬದಲಿ ಇಲ್ಲವೆಂಬುದನ್ನು ಕಾನೂನು ಒಪ್ಪಬೇಕು. ಘಟ್ಟದ ಕಾಡಿಗೆ ಬಯಲಿನ ಮಡ್ಡಿಯನ್ನು ತೋರಿಸಿ ಅನುಮತಿ ಪಡೆಯುವ ಪದ್ಧತಿ ನಿಲ್ಲಬೇಕು.

ಎರಡನೆಯದಾಗಿ, ಕುರುಚಲು ಮತ್ತು ಹುಲ್ಲುನೆಲವನ್ನು ಬಂಜರಿನ ಪಟ್ಟಿಯಿಂದ ತೆಗೆದು, ಒಣನಾಡಿನ ಸಹಜ ಸಂಪತ್ತೆಂದು ದಾಖಲಿಸಬೇಕು. ಅಲ್ಲಿ ಯಂತ್ರದಿಂದ ಕಂದಕ ತೋಡುವುದಕ್ಕೆ ತಡೆ ಬೇಕು.

ಮೂರನೆಯದಾಗಿ, ನೆಡಲೇಬೇಕಾದ ಕಡೆ ಸಸಿಯ ಆಯ್ಕೆ ಊರಿನ ಮಳೆ, ಮಣ್ಣಿನ ಆಳ, ಮೇವಿನ ಅಗತ್ಯ ನೋಡಿ ಗ್ರಾಮಸಭೆಯಲ್ಲಿ ಆಗಬೇಕು. ನೆಡುವ ಕಾಲವೂ ಅಲ್ಲಿಯೇ ತೀರ್ಮಾನವಾಗಬೇಕು. ಕುರಿಗಾರರನ್ನು ಹೊರಗಟ್ಟಿ ಮಾಡುವ ರಕ್ಷಣೆ ನಿಲ್ಲದು. ಸರದಿ ಮೇವಿನ ಒಪ್ಪಂದದಲ್ಲಿ ಅವರೇ ಮೊದಲ ಪಾಲುದಾರರು.

ನಾಲ್ಕನೆಯದಾಗಿ, ಎಷ್ಟು ಸಸಿ ನೆಟ್ಟರೆಂಬ ಅಂಕಿಯನ್ನು ಪ್ರಕಟಿಸುವುದನ್ನು ಬಿಟ್ಟು, ಮೂರು ಮತ್ತು ಐದು ವರ್ಷಗಳ ನಂತರ ಎಷ್ಟು ಉಳಿದವೆಂಬುದನ್ನು ಊರಿನ ಫಲಕದ ಮೇಲೆ ಬರೆಯಬೇಕು. ಸಹಜವಾಗಿ ಬುಡದಿಂದ ಚಿಗುರಿದ ಮರಗಳೂ ಆ ಲೆಕ್ಕಕ್ಕೆ ಸೇರಬೇಕು.

ಈ ಕೆಲಸಕ್ಕೆ ವಿದ್ಯಾರ್ಥಿಗಳು ಸರ್ಕಾರದ ಆದೇಶಕ್ಕಾಗಿ ಕಾಯಬೇಕಿಲ್ಲ. ಶಾಲೆಯ ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನದ ಮಳೆಯನ್ನು ಬರೆದಿಡಬಹುದು. ಗುಡ್ಡದ ನೆತ್ತಿ, ಇಳಿಜಾರು, ಬುಡ ಮೂರು ಕಡೆ ಮಣ್ಣಿನ ಆಳ ಅಳೆಯಬಹುದು. ಹತ್ತು ಹೆಜ್ಜೆ ಅಗಲ, ಹತ್ತು ಹೆಜ್ಜೆ ಉದ್ದದ ತುಂಡೊಂದರಲ್ಲಿ ಇರುವ ಗಿಡಗಳ ಹೆಸರನ್ನು ಊರಿನ ಹಿರಿಯರಿಂದ, ಕುರಿ ಕಾಯುವವರಿಂದ ಕೇಳಿ ಬರೆಯಬಹುದು. ಕಣಕುಂಬಿಯ ಶಾಲೆಯೂ ಮನೋಳಿಯ ಶಾಲೆಯೂ ಹೀಗೆ ಬರೆದ ಪುಸ್ತಕಗಳನ್ನು ವಿನಿಮಯ ಮಾಡಿಕೊಂಡರೆ, ಒಂದೇ ನದಿಯ ಎರಡು ತುದಿಗಳ ಮಕ್ಕಳು ಮರ ಬೆಳೆಯುವ ನಿಯಮವನ್ನು ಯಾವ ಪಠ್ಯಕ್ಕಿಂತಲೂ ಚೆನ್ನಾಗಿ ಕಲಿಯುತ್ತಾರೆ. ಅಷ್ಟೇ ಅಲ್ಲ, ನಾಳೆ ಯಾರಾದರೂ ಊರಿನ ಮಡ್ಡಿಯನ್ನು ಬಂಜರು ಎಂದು ಬರೆದು ತಂದಾಗ, ಉತ್ತರ ಕೊಡಲು ಅವರ ಕೈಯಲ್ಲಿ ದಾಖಲೆಯಿರುತ್ತದೆ.

ಇಂಗಾಲದ ಹೊಗೆಯಿಂದ ಭೂಮಿ ಕಾಯುತ್ತಿದೆ. ಮಳೆ ಕಡಿಮೆ ದಿನಗಳಲ್ಲಿ ಹೆಚ್ಚು ಬಿರುಸಾಗಿ ಸುರಿಯುತ್ತಿದೆ. ಇಂಥ ಕಾಲದಲ್ಲಿ ತಾಳಿ ನಿಲ್ಲಬಲ್ಲವು ಯಾವ ಮರಗಳು? ತಮ್ಮ ನೆಲದ ಕಷ್ಟವನ್ನು ತಲೆತಲಾಂತರದಿಂದ ಅರಿತವು. ಘಟ್ಟದ ಅಂಜನಿ ಘಟ್ಟದಲ್ಲಿರಲಿ, ಗುಡ್ಡದ ದಿಂಡಿಗ ಗುಡ್ಡದಲ್ಲಿರಲಿ. ಒಂದನ್ನು ಕಡಿದು ಇನ್ನೊಂದರ ಮೇಲೆ ಗುಂಡಿ ತೋಡುವವರ ಲೆಕ್ಕಪುಸ್ತಕವನ್ನು ಎರಡೂ ಊರಿನವರು ಕೂಡಿ ತಿರಸ್ಕರಿಸಬೇಕು.